ಅಪ್ಪನ ರಿಬಟನ್ ಟೈರು ಗೆದ್ದ ವರ್ಷ

ಮೊನ್ನೆ ನಮ್ಮ ಫ್ರಿಜ್ಜು ಕೆಟ್ಟಿತು. ಕೆಟ್ಟಿತು ಅನ್ನುವುದಕ್ಕಿಂತ ಮುನಿಸಿಕೊಂಡಿತು ಅನ್ನಬೇಕು; ತಣ್ಣಗೆ ಮಾಡುವ ಕೆಲಸ ಬಿಟ್ಟು ದಿನವಿಡೀ ಗೊಣಗುತ್ತಿತ್ತು. ರಿಪೇರಿಗೆ ಬಂದವರು ನನ್ನ ಹಾಗೆಯೇ ತಲೆ ನರೆತ ಮನುಷ್ಯ. ಅದನ್ನು ಗೋಡೆಯಿಂದ ಈಚೆಗೆ ಎಳೆದು, ಹಿಂದಿನ ಎಡಗಾಲಿನ ಕೆಳಗಿದ್ದ ಕರಿಯ ತುಂಡೊಂದನ್ನು ಎತ್ತಿ ಹಿಡಿದರು.

"ಮೇಡಂ, ಇದನ್ನ ಬಿಸಾಕ್ಲಾ? ಒಂದು ಸ್ಟ್ಯಾಂಡ್ ತಗೊಂಬಿಡಿ, ನೀಟಾಗಿರತ್ತೆ."

"ಬೇಡ, ಬೇಡ, ಕೊಡಿ ಇಲ್ಲಿ" ಅಂದೆ. ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. ಪಾಪ, ಅವರು ಕದ್ದ ವಸ್ತು ಒಪ್ಪಿಸುವವರ ಹಾಗೆ ಅದನ್ನು ನನ್ನ ಕೈಗಿಟ್ಟರು.

ಅಂಗೈ ಅಗಲದ ರಬ್ಬರ್ ತುಂಡು. ಒಂದು ಮಗ್ಗುಲು ನುಣುಪು, ಇನ್ನೊಂದು ಮಗ್ಗುಲಿಗೆ ಚೌಕ ಚೌಕವಾಗಿ ಉಬ್ಬಿದ ಗುಬ್ಬಿಗಳು. ಮೊದಲು ಅಮ್ಮನ ಒರಳುಕಲ್ಲಿನ ಅಡಿಯಲ್ಲಿತ್ತು, ಆಮೇಲೆ ನನ್ನ ಹೊಲಿಗೆ ಯಂತ್ರದ ಅಡಿಯಲ್ಲಿ, ಈಗ ಫ್ರಿಜ್ಜಿನ ಅಡಿಯಲ್ಲಿ. ನಮ್ಮ ಮನೆಯಲ್ಲಿ ಅಲುಗಾಡುವ ವಸ್ತು ಯಾವುದಿದ್ದರೂ ಅದರ ಕೆಳಗೆ ಹೋಗಿ ಕೂರುವುದು ಇದರ ಹಣೆಬರಹ. ಈಗ ಅದಕ್ಕೆ ಉಗುರು ಊರಿದರೆ ಉಗುರೇ ಮುರಿದೀತು. ಊರಿದ ಉಗುರಿನ ಗುರುತು ಅರೆಚಂದ್ರದಂತೆ ಉಳಿಯುತ್ತಿದ್ದ ಕಾಲ ಒಂದಿತ್ತು.

ಇದು ಹೀಗೆ ಕೈಗೆ ಬಂದ ವಾರವೇ ನನ್ನ ಮೊಮ್ಮಗಳು ಟೀವಿಯ ಮುಂದೆ ಕೂತಿದ್ದಳು. ಪ್ರಪಂಚದ ದೊಡ್ಡ ದೊಡ್ಡ ಕಾರ್ ರೇಸುಗಳ ಹುಚ್ಚು ಅವಳಿಗೆ. ಅಷ್ಟೊಂದು ಬಣ್ಣದ ಕಾರುಗಳಿಗೆಲ್ಲ ಒಂದೇ ಥರದ ಕರಿಯ ಚಕ್ರ ಇದೆಯಲ್ಲ ಎಂದು ನಾನು ಕೇಳಿದೆ.

"ಎಲ್ಲಾರ್ಗೂ ಒಂದೇ ಕಂಪನಿ ಟೈರು ಅಜ್ಜಿ. ಮೊದ್ಲು ಟೈರ್ ಕಂಪನಿಗಳ ಮಧ್ಯೆನೇ ಸಖತ್ ಫೈಟ್ ಇತ್ತಂತೆ. ಈಗಿಲ್ಲ."

"ಪುಣ್ಯ" ಅಂದೆ.

"ಪುಣ್ಯ ಯಾಕೆ? ಫೈಟ್ ಇದ್ರೇನೇ ಮಜಾ ಅಲ್ವಾ?"

ನಾನು ಕಾಫಿ ಲೋಟ ತೊಳೆಯುವ ನೆಪದಲ್ಲಿ ಎದ್ದುಬಿಟ್ಟೆ. ಅವಳಿಗೆ ಹೇಳದೇ ಇದ್ದದ್ದನ್ನು ನಿಮಗೆ ಹೇಳುತ್ತೇನೆ. ನೀವಾದರೆ ನಡುವೆ ಫೋನು ನೋಡುವುದಿಲ್ಲ ಎಂಬ ನಂಬಿಕೆ.

ನಮ್ಮಪ್ಪನ ಹೆಸರು ರುದ್ರಪ್ಪ. ತಿಪಟೂರಿನ ಕಡೆಯಿಂದ ಲಾರಿ ಕ್ಲೀನರಾಗಿ ಬೆಂಗಳೂರಿಗೆ ಬಂದು, ಕಲಾಸಿಪಾಳ್ಯದ ಒಂದು ಶೆಡ್ಡಿನಲ್ಲಿ ಟೈರಿನ ಕೆಲಸ ಕಲಿತು, ಜಯನಗರದಲ್ಲಿ ಇನ್ನೂ ಸೈಟುಗಳಿಗೆ ಕಲ್ಲು ನೆಡುತ್ತಿದ್ದ ಕಾಲದಲ್ಲಿ ಬನಶಂಕರಿ ಗುಡಿಯ ಕಡೆಗೆ ಹೋಗುವ ರಸ್ತೆಯಲ್ಲಿ ಸ್ವಂತ ಶೆಡ್ಡು ಹಾಕಿದವರು. ಸವೆದುಹೋದ ಟೈರಿನ ಮೈ ಉಜ್ಜಿ, ಮೇಲೆ ಹೊಸ ರಬ್ಬರಿನ ಪಟ್ಟಿ ಸುತ್ತಿ, ಕಬ್ಬಿಣದ ಅಚ್ಚಿನಲ್ಲಿಟ್ಟು ಉಗಿಯಲ್ಲಿ ಬೇಯಿಸಿ ಮತ್ತೆ ರಸ್ತೆಗೆ ಬಿಡುವುದು ಅವರ ಕೆಲಸ. ಓದಿದವರು ರೀಟ್ರೆಡ್ ಎನ್ನುತ್ತಾರೆ, ಲಾರಿಯವರ ಬಾಯಲ್ಲಿ ಅದು ರಿಬಟನ್. ಶೆಡ್ಡಿನ ಹಿಂದುಗಡೆಯ ಎರಡು ಕೋಣೆಯೇ ನಮ್ಮ ಮನೆ. ನಾನು ಹುಟ್ಟಿದ್ದು, ಬೆಳೆದದ್ದು, ಅ ಆ ಇ ಈ ತಿದ್ದಿದ್ದು ಎಲ್ಲ ಬೇಯುವ ರಬ್ಬರಿನ ವಾಸನೆಯಲ್ಲೇ.

ಆ ವಾಸನೆ ನನ್ನ ಲಂಗದಲ್ಲಿ, ಜಡೆಯಲ್ಲಿ, ಊಟದ ಡಬ್ಬಿಯಲ್ಲಿ ಎಲ್ಲೆಲ್ಲೂ ಇತ್ತಂತೆ. ಇತ್ತಂತೆ ಎನ್ನುವುದು ಯಾಕೆಂದರೆ ನನಗೆ ಅದು ಗೊತ್ತಾಗುತ್ತಿರಲಿಲ್ಲ. ಕ್ಲಾಸಿನ ಹುಡುಗಿಯರಿಗೆ ಗೊತ್ತಾಗುತ್ತಿತ್ತು. 'ರಬ್ಬರ್ ಗಿರಿಜ' ಎಂದು ಹೆಸರಿಟ್ಟಿದ್ದರು. ಬೆಂಚಿನ ಕೊನೆಯ ಜಾಗ ನನಗೆ ಖಾಯಂ. ಆದರೆ ಪರೀಕ್ಷೆ ಹತ್ತಿರ ಬಂದಾಗ ಎಲ್ಲರಿಗೂ ನನ್ನ ಮೇಲೆ ಪ್ರೀತಿ ಉಕ್ಕುತ್ತಿತ್ತು. ಅಪ್ಪ ಅಳಿಸುವ ರಬ್ಬರನ್ನೂ ಮಾಡುತ್ತಾರೆ ಎಂದು ಅವರು ತಿಳಿದಿದ್ದರು, ನಾನೂ ಅಲ್ಲ ಅನ್ನಲಿಲ್ಲ. ಟೈರಿನ ಚೂರುಗಳನ್ನು ಕತ್ತರಿಸಿ ಹಂಚಿದೆ. ಸುಶೀಲ ಎಂಬವಳ ಲೆಕ್ಕದ ಪುಸ್ತಕದಲ್ಲಿ ಒಂದಿಡೀ ಪುಟ ಅಮಾವಾಸ್ಯೆಯಾಯಿತು. ಗೊತ್ತಿಲ್ಲದ್ದನ್ನು ಗೊತ್ತಿದೆ ಅನ್ನುವ ನನ್ನ ಚಟ ಅಷ್ಟು ಹಳೆಯದು, ನೆನಪಿಟ್ಟುಕೊಳ್ಳಿ.

ಅಪ್ಪನ ಕೆಲಸದಲ್ಲಿ ಎರಡು ಪದ್ಧತಿಗಳಿದ್ದವು. ಒಂದು, ಟೈರು ಅಚ್ಚಿನಿಂದ ಈಚೆ ಬಂದ ಮೇಲೆ ಅದರ ಮಗ್ಗುಲಿನಲ್ಲಿ ಮಾಸಿಹೋಗಿದ್ದ ಕಂಪನಿಯ ಹೆಸರನ್ನು ಸಣ್ಣ ಕುಂಚದಿಂದ ಬಿಳಿ ಬಣ್ಣದಲ್ಲಿ ಮತ್ತೆ ತಿದ್ದುವುದು. ಅಪ್ಪ ಓದಿದ್ದು ಕನ್ನಡ ನಾಲ್ಕನೇ ಕ್ಲಾಸು. ಇಂಗ್ಲಿಷಿನ ಒಂದು ಅಕ್ಷರ ಗೊತ್ತಿರಲಿಲ್ಲ. ಆದರೂ ಉಬ್ಬಿದ ಅಕ್ಷರದ ಮೇಲೆ ಉಸಿರು ಬಿಗಿಹಿಡಿದು ಕುಂಚ ಓಡಿಸಿದರೆ, ಒಂದು ಕೂದಲಷ್ಟೂ ಆಚೀಚೆ ಆಗುತ್ತಿರಲಿಲ್ಲ. "ಹೆತ್ತೋರು ಅವ್ರು, ನಾವು ಸಾಕ್ದೋರು. ಹೆಸ್ರು ಹೆತ್ತೋರ್ದೇ ಇರ್ಬೇಕು" ಎನ್ನುತ್ತಿದ್ದರು. ತಮ್ಮ ಹೆಸರನ್ನು ಒಂದು ಟೈರಿನ ಮೇಲೂ ಬರೆದುಕೊಂಡವರಲ್ಲ. ಎರಡನೆಯದು, ಗಾಳಿ ತುಂಬುವ ವಾಲ್ವು ಯಾವ ಕಡೆ ಬರಬೇಕೋ ಅಲ್ಲಿ ಗುರುತಿಗೆ ಮೂರು ಪುಟ್ಟ ಬಿಳಿ ಗೆರೆ ಎಳೆಯುವುದು. ಬೇರೆಯವರು ಒಂದು ಚುಕ್ಕೆ ಇಡುತ್ತಿದ್ದರು. ನಮ್ಮಪ್ಪ ಬೆಳಗ್ಗೆ ಸ್ನಾನ ಮಾಡಿ ತಮ್ಮ ಹಣೆಗೆ ಎಳೆದುಕೊಳ್ಳುತ್ತಿದ್ದ ವಿಭೂತಿಯನ್ನೇ ಟೈರಿಗೂ ಎಳೆಯುತ್ತಿದ್ದರು.

ಈ ಶೆಡ್ಡಿಗೆ ಅರವತ್ತರ ಆಸುಪಾಸಿನಲ್ಲಿ ಒಂದು ದಿನ ಪ್ರಭಾಕರ ಬಂದರು. ಫ್ಯಾಕ್ಟರಿಯಲ್ಲಿ ಇಂಜಿನಿಯರು, ಇನ್ನೂ ಮದುವೆಯಾಗದವರು, ಎರಡು ಹಳೆಯ ಕಾರುಗಳನ್ನು ಬಿಚ್ಚಿ ಒಂದು ಮಾಡಿಕೊಂಡಿದ್ದವರು. ಯಲಹಂಕ ದಾಟಿ ಇದ್ದ ವಿಮಾನ ಇಳಿಯುವ ಪಟ್ಟಿಯೊಂದರ ಮೇಲೆ ಡ್ರಮ್ಮು, ಹುಲ್ಲಿನ ಪಿಂಡಿಗಳನ್ನಿಟ್ಟು ಮೋಟಾರು ಕ್ಲಬ್ಬಿನವರು ಆಗೊಮ್ಮೆ ಈಗೊಮ್ಮೆ ಕಾರಿನ ರೇಸು ನಡೆಸುತ್ತಿದ್ದರು. ಮದರಾಸಿನಿಂದ, ಕಲ್ಕತ್ತಾದಿಂದ ದೊಡ್ಡ ಮನುಷ್ಯರು ವಿಲಾಯಿತಿ ಕಾರು ತಂದು ಓಡಿಸುತ್ತಿದ್ದ ಕಾಲ. ಅವರ ನಡುವೆ ಈ ಪ್ರಭಾಕರ ತಮ್ಮ ಜೋಡಿಸಿದ ಕಾರಿನಲ್ಲಿ ಹೋಗಿ ತಿರುವಿನಲ್ಲಿ ಜಾರಿ ಹುಲ್ಲಿನ ಪಿಂಡಿಗೆ ಮುತ್ತಿಟ್ಟು ಬರುತ್ತಿದ್ದರು.

"ರುದ್ರಪ್ಪನವರೇ, ಕಾರು ಓಡತ್ತೆ, ತಿರುಗಲ್ಲ. ರಸ್ತೆ ಕಚ್ಕೊಳ್ಳೋ ಅಂಥ ಟೈರು ಬೇಕು ನಂಗೆ" ಎಂದರು.

ಅಪ್ಪ ಅವರ ಟೈರಿಗೆ ಹೆಬ್ಬೆರಳಿನ ಉಗುರು ಊರಿ ನೋಡಿದರು. "ಗಟ್ಟಿ ಆಗೋಗಿದೆ ಸಾರ್. ಎಷ್ಟು ದೂರ ಓಡ್ಬೇಕು ನಿಮ್ಗೆ?"

"ಇಪ್ಪತ್ತು ಸುತ್ತು, ಅಷ್ಟೆ."

"ಅಷ್ಟೇನಾ! ಹಂಗಾದ್ರೆ ಮೆತ್ತಗೆ ಬೇಯಿಸ್ಕೊಡ್ತೀನಿ ಬಿಡಿ. ಲಾರಿಗೆ ಹಂಗೆ ಮಾಡ್ಕೊಟ್ರೆ ಎಂಟು ದಿನಕ್ಕೆ ಸವ್ದು ನನ್ ಜುಟ್ಟು ಹಿಡೀತಾರೆ. ನಿಮ್ಗೆ ಬಾಳಿಕೆ ಬೇಡ, ಹಿಡಿತ ಬೇಕು, ಅಲ್ವಾ?"

ನೋಡಿ, ಪ್ರಪಂಚದ ದೊಡ್ಡ ಟೈರು ಕಂಪನಿಗಳು ಕೋಟು ತೊಟ್ಟ ವಿಜ್ಞಾನಿಗಳನ್ನಿಟ್ಟುಕೊಂಡು ಜಗಳವಾಡುತ್ತಿದ್ದುದು ಇದೇ ವಿಷಯಕ್ಕೆ ಎಂದು ನನಗೆ ಗೊತ್ತಾದದ್ದು ಪ್ರಭಾಕರ ತರುತ್ತಿದ್ದ ವಿದೇಶಿ ಪತ್ರಿಕೆಗಳಿಂದ. ಭಾನುವಾರ ಬೆಳಗ್ಗೆ ಅವರು ಖಾಲಿ ಡ್ರಮ್ಮಿನ ಮೇಲೆ ಕೂತು ಅದರಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಯಾವ ಕಂಪನಿ ಯಾರ ಕಾರಿಗೆ ಟೈರು ಕೊಟ್ಟಿತು, ರಬ್ಬರಿಗೆ ಏನು ಬೆರೆಸುತ್ತಾರೆಂಬ ಗುಟ್ಟನ್ನು ಯಾರು ಯಾರಿಂದ ಮುಚ್ಚಿಟ್ಟರು, ಯಾರು ಇವರನ್ನು ಬಿಟ್ಟು ಅವರ ಕಡೆ ಹಾರಿದರು. ಅಪ್ಪ ಹರಿಕಥೆ ಕೇಳುವವರಂತೆ ಕೈ ಕಟ್ಟಿಕೊಂಡು ಕೇಳುತ್ತಿದ್ದರು.

"ಅವ್ರೂ ಮೆತ್ತಗೆ ಬೇಯಿಸ್ತಾರಾ ಸಾರ್?"

"ಹೂಂ, ಹಂಗೇ ಅಂತೆ."

"ಅಲ್ಲೂ ಯಾರೋ ಒಬ್ಬ ಉಗುರೂರಿ ನೋಡ್ತಿರ್ತಾನೆ ಹಂಗಾದ್ರೆ" ಎಂದು ಅಪ್ಪ ನಕ್ಕರು. ಸಮುದ್ರದಾಚೆ ತಮಗೊಬ್ಬ ನೆಂಟ ಸಿಕ್ಕಿದಷ್ಟು ಸಂತೋಷ ಅವರಿಗೆ.

ಆ ಜಗಳ ನಮ್ಮ ಊರಿಗೂ ಬಂತು. ಇಲ್ಲಿ ಎರಡು ಕಂಪನಿಗಳು. ಹೆಸರು ಬೇಡ, ಅಂಗಡಿಗಳಿಗೆ ಹೊಡೆಸಿದ್ದ ತಗಡಿನ ಬೋರ್ಡಿನ ಬಣ್ಣದ ಮೇಲೆ ನಾವು ಅವನ್ನು ಹಳದಿಯವರು, ನೀಲಿಯವರು ಎನ್ನುತ್ತಿದ್ದೆವು. ಗೆಲ್ಲುವ ಕಾರಿನ ಕಾಲಲ್ಲಿ ತಮ್ಮ ಟೈರಿರಬೇಕು, ಮರುದಿನ ಪೇಪರಿನಲ್ಲಿ ಆ ಚಿತ್ರ ಬರಬೇಕು, ಅದನ್ನು ನೋಡಿದ ಲಾರಿ ಬಸ್ಸಿನವರೆಲ್ಲ ತಮ್ಮಲ್ಲಿಗೇ ಬರಬೇಕು ಎಂಬುದು ಇಬ್ಬರ ಆಸೆಯೂ. ನೀಲಿಯವರು ವಿಲಾಯಿತಿ ಕಾರಿನ ಶ್ರೀಮಂತರನ್ನೆಲ್ಲ ಮೊದಲೇ ಹಿಡಿದುಬಿಟ್ಟರು. ಹಳದಿಯವರಿಗೆ ಉಳಿದದ್ದು ನಮ್ಮ ಪ್ರಭಾಕರ. ಅವರ ಕಾರಿಗೆ ನಾಲ್ಕು ಹೊಚ್ಚಹೊಸ ಟೈರನ್ನು ಬಿಟ್ಟಿಯಾಗಿ ಕೊಟ್ಟರು. ಅವನ್ನು ಹಾಕಿಕೊಂಡೇ ಓಡಬೇಕೆಂದು ಮಾತಾಯಿತು.

ರೇಸಿನ ಹಿಂದಿನ ದಿನ ಪ್ರಭಾಕರ ಆ ಹೊಸ ಟೈರಿನಲ್ಲಿ ಓಡಿಸಿ ನೋಡಿದರು. ಮತ್ತೆ ಹುಲ್ಲಿನ ಪಿಂಡಿ. ಸಂಜೆ ನೇರ ನಮ್ಮ ಶೆಡ್ಡಿಗೆ ಬಂದು, ಅಪ್ಪ ತಿಂಗಳಿನಿಂದ ಅವರಿಗೆಂದೇ ಮೆತ್ತಗೆ ಬೇಯಿಸಿ ಇಟ್ಟಿದ್ದ ನಾಲ್ಕನ್ನು ಹಾಕಿಸಿಕೊಂಡು ಹೋದರು. ಆ ನಾಲ್ಕೂ ಮೂಲದಲ್ಲಿ ಹಳದಿ ಕಂಪನಿಯ ಹಳೆಯ ಟೈರುಗಳೇ. ಎಂದಿನಂತೆ ಅಪ್ಪ ಅವುಗಳ ಮೇಲೆ ಹೆತ್ತವರ ಹೆಸರನ್ನು ಬೆಳ್ಳಗೆ ತಿದ್ದಿದ್ದರು. ಹಳದಿಯವರಿಗೆ ಬೇಕಿದ್ದದ್ದು ಹೆಸರು, ಹೆಸರು ಇತ್ತು.

ಮರುದಿನ ನಾವೆಲ್ಲ ಮುನಿಶಾಮಪ್ಪನ ಲಾರಿಯಲ್ಲಿ ರೇಸಿಗೆ ಹೋದೆವು. ಮುನಿಶಾಮಪ್ಪ ಸಾರಕ್ಕಿಯವರು. ಹೊಲವೆಲ್ಲ ಬಡಾವಣೆಗೆ ಹೋದ ಮೇಲೆ ಒಂದು ಲಾರಿ ಇಟ್ಟುಕೊಂಡು ಮಾರ್ಕೆಟ್ಟಿಗೆ ತರಕಾರಿ ಹೊಡೆಯುತ್ತಿದ್ದರು, ಅಪ್ಪನ ಬಲು ಹಳೆಯ ಗಿರಾಕಿ. ಕೋಸಿನ ಎಲೆಗಳ ಮೇಲೆ ಜಮಖಾನ ಹಾಸಿಕೊಂಡು, ಚಿತ್ರಾನ್ನದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅಮ್ಮ, ನಾನು ಕೂತಿದ್ದೆವು. ಅಮ್ಮ ರೇಸು ನೋಡಲಿಲ್ಲ. ಇಪ್ಪತ್ತು ಸುತ್ತೂ ಕಣ್ಣುಮುಚ್ಚಿ ಬನಶಂಕರಮ್ಮನನ್ನು ಕರೆಯುತ್ತಿದ್ದಳು. ನಾನು ನೋಡಿದೆ. ವಿಲಾಯಿತಿ ಕಾರುಗಳು ನೇರ ದಾರಿಯಲ್ಲಿ ಹಾವಿನಂತೆ ಹರಿದು ಮುಂದೆ ಹೋಗುತ್ತಿದ್ದವು, ತಿರುವಿಗೆ ಬಂದೊಡನೆ ಕಾಲು ಜಾರುತ್ತಿದ್ದವು. ಪ್ರಭಾಕರರ ಜೋಡಣೆ ಕಾರು ಮಾತ್ರ ನೆಲ ಕಚ್ಚಿಕೊಂಡು ತಿರುಗುತ್ತಿತ್ತು. ಒಂದೊಂದು ತಿರುವಿನಲ್ಲೂ ಒಬ್ಬೊಬ್ಬರನ್ನು ಹಿಂದೆ ಹಾಕಿತು. ಕೊನೆಯ ಸುತ್ತಿನಲ್ಲಿ ಮುಂದೆ ಯಾರೂ ಇರಲಿಲ್ಲ.

ಅಪ್ಪ ಕೂಗಲಿಲ್ಲ, ಕುಣಿಯಲಿಲ್ಲ. ಕಾರು ನಿಂತ ಮೇಲೆ ಜನರನ್ನು ಸರಿಸಿಕೊಂಡು ಹೋಗಿ, ಹಾರ ಹಾಕಿಸಿಕೊಳ್ಳುತ್ತಿದ್ದ ಪ್ರಭಾಕರರ ಕಡೆ ನೋಡದೆ, ಮುಂದಿನ ಟೈರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬಿಸಿ ರಬ್ಬರನ್ನು ಅಂಗೈಯಿಂದ ಸವರಿದರು. ಫೋಟೋದವರು "ಸ್ವಲ್ಪ ಸರೀರಿ, ಸ್ವಲ್ಪ ಸರೀರಿ" ಎಂದು ಅವರನ್ನು ಪಕ್ಕಕ್ಕೆ ಸರಿಸಿದರು.

ನಾಲ್ಕು ದಿನದ ಮೇಲೆ ಹಳದಿ ಕಂಪನಿಯವರೊಬ್ಬರು ನಮ್ಮ ಶೆಡ್ಡಿಗೇ ಬಂದರು. ಟೈ ಕಟ್ಟಿದ್ದರು. ನಮ್ಮ ರಸ್ತೆಯಲ್ಲಿ ಟೈ ಕಟ್ಟಿದ ಮನುಷ್ಯ ಕಾರಿನಿಂದ ಇಳಿದದ್ದು ಅದೇ ಮೊದಲು. ಅಮ್ಮ ಒಳಗೆ ಕಾಫಿಗೆ ಇಟ್ಟಳು. ಗೆದ್ದ ಕಾರಿನ ಟೈರಿನ ಗುಬ್ಬಿಗಳು ಹಳದಿಯವರ ಅಚ್ಚಿನವಲ್ಲ ಎಂದು ನೀಲಿಯವರು ತಕರಾರು ತೆಗೆದಿದ್ದರು ಎಂಬುದು ನಮಗೆ ಗೊತ್ತಾದದ್ದು ಬಹಳ ಆಮೇಲೆ. ಆ ದಿನ ಅವರು ಹೇಳಿದ್ದು ಇಷ್ಟೆ.

"ರುದ್ರಪ್ಪ, ನಿಮ್ಮಂಥೋರು ನಮ್ ಕಂಪನಿಗೆ ಬೇಕು. ಟೈರು ಹಾಕಿದ್ದು ನೀವೇ ತಾನೆ? ಇದಕ್ಕೊಂದು ಸೈನ್ ಹಾಕ್ಬಿಡಿ. ಪೇಪರಲ್ಲಿ ನಿಮ್ಮ ಹೆಸರು ಬರತ್ತೆ."

ಟೈಪು ಮಾಡಿದ ಇಂಗ್ಲಿಷ್ ಕಾಗದ. ಅಪ್ಪನ ಮುಖ ಅರಳಿತು. ಹೆತ್ತವರೇ ಬಾಗಿಲಿಗೆ ಬಂದು ಸಾಕಿದವನನ್ನು ಒಪ್ಪಿಕೊಳ್ಳುತ್ತಿದ್ದಾರೆ ಎಂದು ಅವರಿಗೆ ಅನ್ನಿಸಿರಬೇಕು. ಆ ಕಂಪನಿಯವರೇ 'ನಮ್ಮ ಟೈರು ಸವೆದರೆ ರುದ್ರಪ್ಪನಲ್ಲಿಗೆ ಹೋಗಿ' ಎಂದರೆ ಶೆಡ್ಡಿಗೆ ಇನ್ನೇನು ಬೇಕಿತ್ತು? ಆದರೂ ಅಪ್ಪ ಓದದೆ ಬರೆಯುವವರಲ್ಲ. "ಒಂದ್ನಿಮಿಷ ಸಾರ್. ನಮ್ ಹುಡುಗಿ ಇಂಗ್ಲಿಷ್ ಓದ್ತಾಳೆ" ಎಂದು ಒಳಗೆ ತಿರುಗಿ, "ಗಿರಿಜಾ! ಬಾಮ್ಮ ಇಲ್ಲಿ" ಎಂದು ಕೂಗಿದರು.

ನಾನು ಆಗ ಏಳನೇ ಕ್ಲಾಸು. ಇಂಗ್ಲಿಷಿನಲ್ಲಿ ಕ್ಲಾಸಿಗೇ ಮೊದಲು. ಹೇಗೆ ಮೊದಲು ಎಂದರೆ, ಹಸುವಿನ ಮೇಲೆ ಹತ್ತು ವಾಕ್ಯ ಬಾಯಿಪಾಠ ಮಾಡಿದ್ದೆ, ಪರೀಕ್ಷೆಯಲ್ಲಿ ಹಸುವೇ ಬಂದಿತ್ತು. ಅಷ್ಟಕ್ಕೇ ಅಪ್ಪ ಬಂದ ಗಿರಾಕಿಗಳಿಗೆಲ್ಲ ನನ್ನಿಂದ ಕ್ಯಾಲೆಂಡರು ಓದಿಸುವುದು, ರಬ್ಬರ್ ಅಂಟಿಸುವ ಸಲ್ಯೂಷನ್ ಡಬ್ಬಿಯ ಚೀಟಿ ಓದಿಸುವುದು. ನಾನು ಓದಿದರೆ ಅವರ ಕಣ್ಣು ತುಂಬುತ್ತಿತ್ತು. ಗೊತ್ತಿಲ್ಲದ ಕಡೆ ನಾನು ಗೊಣಗಿ ದಾಟಿಬಿಡುತ್ತಿದ್ದೆ. ಅದೂ ಇಂಗ್ಲಿಷೇ ಇರಬೇಕು ಎಂದು ಎಲ್ಲರೂ ತಲೆಯಾಡಿಸುತ್ತಿದ್ದರು.

ಆ ಕಾಗದದಲ್ಲಿ ಹಸು ಇರಲಿಲ್ಲ. ಉದ್ದುದ್ದ ಮಾತುಗಳಿದ್ದವು, ಒಂದು ಸಾಲು ಮುಗಿಯುವಷ್ಟರಲ್ಲಿ ಮೊದಲು ಏನಿತ್ತೆಂದು ಮರೆತುಹೋಗುತ್ತಿತ್ತು. ನಾನು ನಿಂತುಕೊಂಡು ಗಟ್ಟಿಯಾಗಿ, ಸಮಾರಂಭದಲ್ಲಿ ಓದುವವಳ ಹಾಗೆ ಓದಿದೆ. ಅಪ್ಪನ ಹೆಸರು ಬಂತು. ಕಂಪನಿಯ ಹೆಸರು ಬಂತು. 'ಎಕ್ಸಲೆಂಟ್' ಬಂತು, ಅದು ನನಗೆ ಗೊತ್ತಿತ್ತು. 'ಬ್ರ್ಯಾಂಡ್ ನ್ಯೂ' ಕೂಡ ಬಂತು.

ಇದನ್ನು ಈ ವಯಸ್ಸಿನಲ್ಲಾದರೂ ಮುಚ್ಚಿಡದೆ ಹೇಳಬೇಕು. 'ಬ್ರ್ಯಾಂಡ್ ನ್ಯೂ' ಎಂದರೇನೆಂದು ನನಗೆ ಗೊತ್ತಿತ್ತು. ಆ ಟೈರುಗಳು ಹೊಸವಲ್ಲ ಎಂಬುದೂ ಗೊತ್ತಿತ್ತು. ಅವು ಬೇಯುವಾಗ ಪಕ್ಕದಲ್ಲೇ ಕೂತು ಮಗ್ಗಿ ಹೇಳಿದವಳು ನಾನು. ಆ ಎರಡು ಮಾತಿನ ಮೇಲೆ ನಾಲಗೆ ಒಂದು ಕ್ಷಣ ತಡವರಿಸಿತು. ಟೈ ಕಟ್ಟಿದವರು ನನ್ನನ್ನೇ ನೋಡುತ್ತಿದ್ದರು, "ವೆರಿ ಗುಡ್" ಎಂದರು. ಒಂದು ಹುಡುಗಿಯ ಬಾಯಿ ಮುಚ್ಚಿಸಲು ಅಷ್ಟು ಸಾಕು. ಇಂಗ್ಲಿಷಿನಲ್ಲಿ ಮರ್ಯಾದೆಗೆ ಹಾಗೂ ಬರೆಯುತ್ತಾರೇನೋ ಅಂದುಕೊಂಡೆ. ಉಳಿದದ್ದು ತಿಳಿಯಲಿಲ್ಲ ಎಂದು ಅವರ ಮುಂದೆ ಹೇಳುವುದಕ್ಕಿಂತ ಸಾಯುವುದು ಮೇಲು ಅನ್ನಿಸಿತು.

"ಏನಂತಮ್ಮ?" ಅಪ್ಪ ಕೇಳಿದರು.

"ಅಪ್ಪ, ನಿನ್ ಕೆಲ್ಸ ತುಂಬಾ ಚೆನ್ನಾಗಿದೆ ಅಂತ ಬರ್ದಿದಾರೆ."

ಅಪ್ಪ ಕೈಯನ್ನು ಎರಡು ಸಲ ಸೀಮೆಎಣ್ಣೆಯಲ್ಲಿ ತೊಳೆದು, ಪಂಚೆಗೆ ಒರೆಸಿಕೊಂಡು, ಪೂಜೆಗೆ ಕೂತವರಂತೆ ಕೂತು, ಕನ್ನಡದಲ್ಲಿ 'ರುದ್ರಪ್ಪ' ಎಂದು ಬರೆದರು.

ಮುಂದಿನ ವಾರ ಪೇಪರಿನಲ್ಲಿ ಅರ್ಧ ಪುಟದ ಜಾಹೀರಾತು ಬಂತು. ತಿರುವಿನಲ್ಲಿ ವಾಲಿಕೊಂಡಿರುವ ಪ್ರಭಾಕರರ ಕಾರು. ಮುಂದಿನ ಟೈರಿನ ಮೇಲೆ ಕಂಪನಿಯ ಹೆಸರು ಬೆಳ್ಳಗೆ, ಅಪ್ಪನ ಕುಂಚದ ಬಿಳುಪಿನಲ್ಲಿ. ವಾಲ್ವಿನ ಪಕ್ಕ ಕಣ್ಣು ಕಿರಿದು ಮಾಡಿ ನೋಡಿದರೆ ಮೂರು ಗೆರೆ. ಕೆಳಗೆ ಇಂಗ್ಲಿಷಿನಲ್ಲಿ ಆ ಕಾಗದದ ಮಾತು, ಅದರ ಅಡಿಯಲ್ಲಿ ಅಪ್ಪನ ಕನ್ನಡದ ರುಜು. ಅಪ್ಪ ಬೆರಳಿನಿಂದ ಮೂರು ಗೆರೆಯನ್ನು ಮುಟ್ಟಿ, "ನೋಡೇ, ನಮ್ದೇ" ಎಂದು ಅಮ್ಮನಿಗೆ ತೋರಿಸಿದರು. ಅದಕ್ಕೆ ಗಾಜಿನ ಕಟ್ಟು ಹಾಕಿಸಿದರು. ಶೆಡ್ಡಿನಲ್ಲಿ ಈಶ್ವರನ ಪಟದ ಪಕ್ಕ ಮೊಳೆ ಹೊಡೆದು ತೂಗುಹಾಕಿದರು. ಅಮ್ಮ ಅದಕ್ಕೂ ಕುಂಕುಮವಿಟ್ಟು, ದಿನವೂ ಸೇವಂತಿಗೆ ಮುಡಿಸಿದಳು. ಊದಿನಕಡ್ಡಿಯನ್ನು ಈಶ್ವರನಿಗೆ ಬೆಳಗಿ ಅದಕ್ಕೂ ಬೆಳಗುವುದು ನನ್ನ ಪಾಲಿನ ಕೆಲಸ.

ಎಂಟು ದಿನ ಆ ಪೂಜೆ ನಡೆಯಿತು. ಆ ಎಂಟು ದಿನದಲ್ಲಿ ಬಂದ ಗಿರಾಕಿಗಳಲ್ಲಿ ಕೆಲವರು ಅದನ್ನು ಓದಿ, ಅಪ್ಪನನ್ನು ನೋಡಿ, ಒಂದು ಥರ ನಕ್ಕು ಹೋದರು. ಅದು ಹೊಟ್ಟೆಕಿಚ್ಚು ಎಂದು ನಾನು ಅಮ್ಮನಿಗೆ ವಿವರಿಸಿದೆ. ಒಂಬತ್ತನೆಯ ದಿನ ಮುನಿಶಾಮಪ್ಪ ಬಂದರು. ಅವರಿಗೂ ಇಂಗ್ಲಿಷ್ ಬಾರದು, ಆದರೆ ಮಾರ್ಕೆಟ್ಟಿನಲ್ಲಿ ಯಾರೋ ಓದಿ ಹೇಳಿದ್ದರು. ಬಂದವರೇ ಗಾಜಿನ ಮೇಲೆ ಬೆರಳು ಬಡಿದರು.

"ಏನ್ ರುದ್ರಣ್ಣ ಇದು? ಗೆದ್ದಿದ್ದು ಹೊಸಾ ಟೈರು, ನಾನೇ ಕೈಯಾರ ಹಾಕ್ದೆ, ಇದ್ರ ಮುಂದೆ ಇನ್ಯಾವ್ದೂ ನಿಲ್ಲಲ್ಲ ಅಂತ ನೀನೇ ಸೈನ್ ಹಾಕಿದೀಯಂತಲ್ಲ! ಹಂಗಾದ್ರೆ ನಾವೆಲ್ಲ ನಿನ್ ಹತ್ರ ರಿಬಟನ್ ಯಾಕಪ್ಪ ಮಾಡಿಸ್ಕೋಬೇಕು?"

ಅವರು ತಮಾಷೆಗೆ ಅಂದದ್ದು. ಗೆದ್ದದ್ದು ಯಾವ ಟೈರೆಂದು ಅವರಿಗೂ ಗೊತ್ತಿತ್ತಲ್ಲ. ಅಪ್ಪ ಮಾತ್ರ ಅಚ್ಚಿನ ತಿರುಪನ್ನು ಅರ್ಧಕ್ಕೆ ಬಿಟ್ಟು ನಿಂತುಬಿಟ್ಟರು. ಆಮೇಲೆ ನಿಧಾನ ಹೋಗಿ ಕಟ್ಟನ್ನು ಮೊಳೆಯಿಂದ ತೆಗೆದು, ಅಮ್ಮ ಇಟ್ಟಿದ್ದ ಕುಂಕುಮವನ್ನು ಹೆಬ್ಬೆರಳಿನಿಂದ ಒರೆಸಿ, ಗೋಡೆಯ ಕಡೆ ಮುಖ ಮಾಡಿ ನೆಲದ ಮೇಲಿಟ್ಟರು. ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ಒಂದು ಸಲವೂ ನೋಡಲಿಲ್ಲ.

ನಾನು ಬೈಗುಳಕ್ಕಾಗಿ ಕಾದೆ. ಊಟದ ಹೊತ್ತಿಗೆ ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ನಾಳೆ ಬೈಯುತ್ತಾರೆ ಅಂದುಕೊಂಡೆ. ಒಂದು ವಾರ ಕಾದು, ನಾನಾಗಿಯೇ ಅತ್ತುಬಿಟ್ಟರೆ ಕೇಳಿಯಾರು ಎಂದು ಕಂಬಕ್ಕೊರಗಿ ಅತ್ತೆ. "ಹೊಟ್ಟೆ ನೋವಾ? ಓಮಿನ ನೀರು ಕುಡಿ" ಎಂದರು. ಬೈಸಿಕೊಳ್ಳದೆ ಉಳಿದ ತಪ್ಪು ಎಷ್ಟು ಭಾರ ಎಂದು ಯಾರೂ ಮಕ್ಕಳಿಗೆ ಮೊದಲೇ ಹೇಳಿರುವುದಿಲ್ಲ.

ಆ ವಾರವೇ ಪ್ರಭಾಕರ ಗೆದ್ದ ಆ ನಾಲ್ಕು ಟೈರನ್ನು ಶೆಡ್ಡಿನ ಮುಂದೆ ಇಳಿಸಿ, ಇಂಜಿನ್ನು ನಿಲ್ಲಿಸದೆಯೇ, "ಏನೂ ತಿಳ್ಕೋಬೇಡಿ ರುದ್ರಪ್ಪನವರೇ, ನಾನು ಕಂಪನಿಯವರಿಗೆ ಮಾತು ಕೊಟ್ಟುಬಿಟ್ಟಿದ್ದೆ" ಎಂದು ಹೋದರು. ಅಪ್ಪ ಅವುಗಳಲ್ಲಿ ಒಂದನ್ನು ತುಂಡು ಮಾಡಿ ಅಮ್ಮನ ಒರಳುಕಲ್ಲು ಅಲುಗದಂತೆ ಅಡಿಯಲ್ಲಿಟ್ಟರು. ಈಗ ನನ್ನ ಅಂಗೈಯಲ್ಲಿರುವುದು ಅದೇ.

ಹದಿನೈದು ದಿನ ಬಿಟ್ಟು ನೀಲಿ ಕಂಪನಿಯವರು ಬಂದರು. ಅವರೂ ಟೈ ಕಟ್ಟಿದ್ದರು, ಅವರ ಕೈಯಲ್ಲೂ ಇಂಗ್ಲಿಷ್ ಕಾಗದವಿತ್ತು. ನಾನು ಸ್ಕೂಲಿನಿಂದ ಬಂದು ಚೀಲ ಹೆಗಲಲ್ಲಿರುವಂತೆಯೇ ಶೆಡ್ಡಿನ ಬಾಗಿಲಲ್ಲಿ ನಿಂತೆ. ಈ ಸಲ ಒಂದೊಂದು ಮಾತನ್ನೂ ಕೇಳಿ ತಿಳಿದು ಓದುತ್ತೇನೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತೇನೆ ಎಂದು ಮನಸ್ಸಿನಲ್ಲೇ ದೇವರಿಗೆ ಮಾತು ಕೊಟ್ಟೆ. ಅಪ್ಪ ನನ್ನನ್ನು ದಾಟಿ ಆ ಮನುಷ್ಯನನ್ನೇ ನೋಡಿದರು.

"ಏನ್ ಬರ್ದಿದೆ ಅಂತ ನೀವೇ ಕನ್ನಡದಲ್ಲಿ ಹೇಳ್ಬಿಡಿ ಸಾರ್."

"ಸತ್ಯಾನೇ ಬರ್ದಿದೀವಪ್ಪ. ಆ ಟೈರು ಹೊಸದಲ್ಲ, ನೀನು ರಿಬಟನ್ ಮಾಡಿದ್ದು ಅಂತ. ಸೈನ್ ಹಾಕು, ನಿನ್ ಕೆಲ್ಸ ಊರಿಗೆಲ್ಲಾ ಗೊತ್ತಾಗತ್ತೆ."

"ಹಾಕಿದ್ರೆ ಪ್ರಭಾಕರ ಸಾರ್ ಗೆದ್ದ ಕಪ್ಪು ಏನಾಗತ್ತೆ?"

"ವಾಪಸ್ ಇಸ್ಕೋತಾರೆ. ಹೊಸಾ ಟೈರು ಅಂತ ಹೇಳಿ ರಿಬಟನ್ನಲ್ಲಿ ಓಡ್ಸೋದು ಮೋಸ ಅಲ್ವಾ?"

"ಅವ್ರು ಓಡಿಸಿದ್ದಂತೂ ಮೋಸ ಅಲ್ಲ ಸಾರ್. ನಾನು ಬೇಯಿಸಿದ್ದೂ ಮೋಸ ಅಲ್ಲ. ಒಂದ್ಸಲ ಸೈನ್ ಹಾಕಿದೀನಿ, ಮತ್ತೆ ಅದ್ರ ಮೇಲೆ ಇನ್ನೊಂದ್ ಹಾಕಲ್ಲ" ಎಂದು ಅಪ್ಪ ಕಾಗದವನ್ನು ಹಿಂದಕ್ಕೆ ಕೊಟ್ಟರು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ಕೈಕಾಲು ತೊಳ್ಕೊಂಡ್ ತಿಂಡಿ ತಿನ್ನಮ್ಮ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಮುಂದಿನ ವರ್ಷ ಪ್ರಭಾಕರ ನೀಲಿ ಕಂಪನಿಯ ಟೈರಿನಲ್ಲಿ ಓಡಿದರೆಂದು ಮುನಿಶಾಮಪ್ಪ ಬಂದು ಹೇಳಿದರು. ಅಪ್ಪ ತಲೆಯೆತ್ತಲಿಲ್ಲ. ಆ ಹೊತ್ತಿಗೆ ತಲೆಯೆತ್ತಿ ಮಾತಾಡಿಸಬೇಕಾದ ಗಿರಾಕಿಗಳೂ ಕಡಿಮೆಯಾಗಿದ್ದರು. ಬಂದವರೂ "ನಿಮ್ ಕೈಲೇ ಬರ್ದಿದೀರಲ್ಲ" ಎಂದು ನಗುತ್ತಿದ್ದರು. ಆ ಜಾಹೀರಾತು ಕತ್ತರಿಸಿ ಅಂಟಿಸದ ಲಾರಿ ಆಫೀಸು ಇರಲಿಲ್ಲ. ಮುನಿಶಾಮಪ್ಪನೂ ಕೊನೆಗೆ, ಮುಖ ತಪ್ಪಿಸಿಕೊಂಡು, ಹೊಸ ಟೈರು ಹಾಕಿಸಿದರು. ಒಂದು ಮಧ್ಯಾಹ್ನ ಗುಜರಿಯವರು ಬಂದು ಕಬ್ಬಿಣದ ಅಚ್ಚುಗಳನ್ನು ಎತ್ತಿನ ಗಾಡಿಗೆ ಹೇರಿದರು. ಬಾಯ್ಲರ್ ತಣ್ಣಗಾದ ಮೇಲೆ ನನಗೆ ಮೊದಲ ಬಾರಿಗೆ ಆ ವಾಸನೆ ಗೊತ್ತಾಯಿತು, ಅದು ಇಲ್ಲದೆ ಹೋಗಿ.

ನಾವು ಹತ್ತಿರದಲ್ಲೇ ಬಾಡಿಗೆ ಮನೆಗೆ ಬಂದೆವು. ಅಪ್ಪ ವಿಲ್ಸನ್ ಗಾರ್ಡನ್ನಿನ ಒಂದು ಅಂಗಡಿಯಲ್ಲಿ ಹೊಸ ಟೈರು ಜೋಡಿಸುವ ಕೆಲಸಕ್ಕೆ ಸೇರಿದರು. ಬಾಗಿಲ ಮೇಲೆ ಹಳದಿ ಬೋರ್ಡಿತ್ತು. ಅಲ್ಲಿ ಯಾವ ಹೆಸರನ್ನೂ ತಿದ್ದಬೇಕಾಗಿರಲಿಲ್ಲ. ಕೈ ಕೇಳದೆ ವಾಲ್ವಿನ ಹತ್ತಿರ ಮೂರು ಗೆರೆ ಎಳೆದರಂತೆ. "ಹೊಸಾ ಮಾಲಿನ ಮೇಲೆ ಗೀಟು ಹಾಕ್ಬೇಡಿ" ಎಂದು ಮ್ಯಾನೇಜರು ಹೇಳಿದ ಮೇಲೆ ಅದನ್ನೂ ಬಿಟ್ಟರು.

ನಾನು ಮಾತ್ರ ಛಲ ಹಿಡಿದವಳಂತೆ ಇಂಗ್ಲಿಷ್ ಓದಿದೆ. ಡಿಕ್ಷನರಿಯನ್ನು ಪುಟ ಪುಟ ನುಂಗಿದೆ. ಆ ಜಾಹೀರಾತಿನಲ್ಲಿದ್ದ ಒಂದೊಂದು ಮಾತಿನ ಅರ್ಥವೂ ನನಗೆ ಒಂದೊಂದು ವರ್ಷ ತಡವಾಗಿ ತಿಳಿಯುತ್ತಾ ಬಂತು, ಪೂರ್ತಿ ತಿಳಿಯುವ ಹೊತ್ತಿಗೆ ಶೆಡ್ಡಿದ್ದ ಜಾಗದಲ್ಲಿ ಯಾರದೋ ಮಹಡಿ ಮನೆ ಎದ್ದಿತ್ತು. ಆಮೇಲೆ ಎಷ್ಟೋ ವರ್ಷ ಕ್ಲಾಸಿನಲ್ಲಿ ಪಾಠ ಮುಗಿಸಿ "ಅರ್ಥ ಆಯ್ತಾ?" ಎಂದು ಕೇಳಿದಾಗ "ಎಸ್ ಮಿಸ್" ಎಂದು ಇಡೀ ಕ್ಲಾಸು ಕೂಗುತ್ತಿತ್ತು. ನಾನು ಒಂದು ಸಲವೂ ನಂಬಲಿಲ್ಲ.

ಆ ಕಟ್ಟನ್ನು ಕೆಳಗಿಳಿಸಿದ ದಿನದಿಂದ ಅಪ್ಪ ನನ್ನ ಕೈಗೆ ಇಂಗ್ಲಿಷ್ ಕಾಗದ ಕೊಟ್ಟಿರಲಿಲ್ಲ. ಏನೇ ಬರಲಿ, ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು ಪಕ್ಕದ ರಸ್ತೆಯ ರಿಟೈರ್ಡ್ ಪೋಸ್ಟ್ ಮಾಸ್ಟರ ಮನೆಗೆ ಹೋಗುತ್ತಿದ್ದರು. ನಾನು ಬಿ.ಎ. ಓದುತ್ತಿದ್ದಾಗಲೂ ಹಾಗೆಯೇ. ಅದು ಅಭ್ಯಾಸ, ಬೇರೇನೂ ಇಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ ನನ್ನ ಕೆಲಸದ ಆರ್ಡರು ಬಂತು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ನಾನು ಮೂರು ಸಲ ಓದಿ, ಕಾಲಿಗೆ ಬಿದ್ದು, ಅದನ್ನು ಅಪ್ಪನ ಕೈಗಿಟ್ಟೆ.

"ಅಪ್ಪ, ನಂಗೆ ಕೆಲ್ಸ ಸಿಕ್ತು. ಇಂಗ್ಲಿಷ್ ಟೀಚರ್."

"ಒಳ್ಳೇದಾಯ್ತು ಕಣಮ್ಮ" ಎಂದು ತಲೆ ಸವರಿದರು. ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. ನಾಲ್ಕಾಗಿ ಮಡಿಸಿದರು. ಅಂಗಿ ತೊಟ್ಟು, ಚಪ್ಪಲಿ ಹುಡುಕಿದರು.

"ಎಲ್ಲಿಗಪ್ಪ?"

"ಇಲ್ಲೇ. ಪೋಸ್ಟ್ ಮಾಸ್ಟ್ರ ಮನೇ ತನಕ."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಾನು ಗೇಟಿನಲ್ಲಿ ನಿಂತೆ. ಅರ್ಧ ಗಂಟೆಯ ಮೇಲೆ ರಸ್ತೆಯ ಕೊನೆಯಲ್ಲಿ ಅಪ್ಪ ಕಂಡರು. ಎಷ್ಟೋ ವರ್ಷಗಳಿಂದ ನಾನು ನೋಡಿರದ ಬಿರುಸಿನಲ್ಲಿ, ಕಾಗದವನ್ನು ಎದೆಗೊತ್ತಿಕೊಂಡು ಬರುತ್ತಿದ್ದರು. ಹತ್ತಿರ ಬಂದು, ಒದ್ದೆ ಕಣ್ಣಿನಲ್ಲೇ ನಕ್ಕು, ನನ್ನ ಎರಡೂ ಕೈ ಹಿಡಿದುಕೊಂಡರು.

"ಗಿರಿಜಾ, ನಿಂಗೆ ಕೆಲ್ಸ ಸಿಕ್ಕಿದ್ಯಂತೆ ಕಣೇ" ಎಂದರು.